ಊಟದ ಮನೆಯಲ್ಲಿ ಸಾಕಮ್ಮನ ಗೊಂಬೆ

ನಮ್ಮವ್ವನನ್ನು ಎಲೆಯ ಮುಂದಿನಿಂದ ಎಬ್ಬಿಸಿದರು. ಬಡಿಸಿದ ಎಲೆ. ಕೋಸಂಬರಿ ಬಿದ್ದಿತ್ತು, ಪಾಯಸ ಬಿದ್ದಿತ್ತು, ಅನ್ನದ ಬುಟ್ಟಿ ಹಿಡಿದವನು ಮೂರು ಎಲೆ ಆಚೆಗಿದ್ದ.

ಎರಡು ಸಾವಿರದ ನಾಲ್ಕನೇ ಇಸವಿ. ನರಸೀಪುರದಿಂದ ಮೂಗೂರಿನ ಕಡೆ ಹೋಗುವ ರಸ್ತೆಯಲ್ಲಿ ಅಕ್ಕಿ ಗಿರಣಿಯ ಗಂಗಾಧರಸ್ವಾಮಿ ಕಲ್ಯಾಣ ಮಂಟಪ ಕಟ್ಟಿಸಲು ಹೊರಟಿದ್ದ. ಊರೆಲ್ಲ ಅವನನ್ನು ಅವರು, ಇವರು ಅನ್ನುತ್ತದೆ. ನಾನು ಅವನು ಅಂತಲೇ ಹೇಳುತ್ತೇನೆ. ನಮ್ಮವ್ವನನ್ನು ಅವನು ಜನ್ಮದಲ್ಲಿ ಒಂದು ಸಲವೂ ನೆಟ್ಟಗೆ ಕರೆದವನಲ್ಲ.

ಪಾಯದ ಪೂಜೆಯ ದಿನ ಶಾಮಿಯಾನದಲ್ಲಿ ಊಟ ಇಟ್ಟಿದ್ದರು. ಪಾಯ ತೋಡಿದ ಹೆಂಗಸರಲ್ಲಿ ನಮ್ಮವ್ವ ಸಾಕಮ್ಮನೂ ಇದ್ದಳು. ಆರು ದಿನ ಮಣ್ಣು ಹೊತ್ತಿದ್ದಳು. ಮೇಸ್ತ್ರಿ ಬಂದು, "ಎಲ್ಲಾರೂ ಊಟ ಮಾಡ್ಕಂಡು ಓಗಿ" ಅಂದ. ಎಲ್ಲಾರೂ ಅಂದರೆ ಎಲ್ಲಾರೂ ಅಂತ ಅವ್ವ ತಿಳಿದಳು. ಕೈಕಾಲು ತೊಳೆದು, ಸೆರಗು ಸರಿಮಾಡಿಕೊಂಡು, ಕೊನೆಯ ಸಾಲಿನ ಕೊನೆಯ ಎಲೆಗೆ ಕುಳಿತಳು. ಗಿರಣಿಯ ಆಳೊಬ್ಬ ಓಡಿ ಬಂದ. "ಏಳಮ್ಮ, ಏಳು. ನಿಮ್ಗೆ ಇಟ್ಗೆ ಶೆಡ್ಡಲ್ಲಿ ಹಾಕ್ತಾರೆ" ಅಂದ. ಅವ್ವ ಎದ್ದಳು. ಎದ್ದಳೇ ಹೊರತು ಇಟ್ಟಿಗೆ ಶೆಡ್ಡಿಗೆ ಹೋಗಲಿಲ್ಲ. ಮನೆಗೆ ಬಂದು ಬೆಳಗಿನ ಮುದ್ದೆಗೆ ಉಪ್ಪುಸಾರು ಸುರಿದುಕೊಂಡು ತಿಂದಳು. ಮಾರನೆಯ ದಿನ ಮತ್ತೆ ಅಲ್ಲಿಗೇ ಕೆಲಸಕ್ಕೆ ಹೋದಳು. ಹೋಗದೆ ಏನು ಮಾಡುತ್ತಾಳೆ?

ಇದನ್ನು ಕೇಳಿ ಯಾರಾದರೂ ಅಯ್ಯೋ ಪಾಪ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಗೀಪ ಬೇಡ. ಮುಂದೆ ಆಗಿದ್ದು ಕೇಳಿ. ನಗು ಬಂದರೆ ಧಾರಾಳವಾಗಿ ನಗಿ. ನಾವಂತೂ ಇನ್ನೂ ನಗುತ್ತಿದ್ದೇವೆ.

ನಾನು ಸುನೀತಾ, ಸಾಕಮ್ಮನ ಮಗಳು. ಹೆಮ್ಮಿಗೆ ದಾಟಿ ಎರಡು ಮೈಲಿ ಹೋದರೆ ನಮ್ಮ ಕೇರಿ. ಐ.ಟಿ.ಐ.ನಲ್ಲಿ ಕಟ್ಟಡದ ನಕ್ಷೆ ಬರೆಯುವುದು ಕಲಿತೆ. ಆಮೇಲೆ ಕಂಪ್ಯೂಟರ್ ಕಲಿತೆ. ದಿನಾ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ನಂಜನಗೂಡಿಗೆ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಪೇಂಟ್ ಅಂಗಡಿಯ ಮೇಲೆ ನಂಜೇಶಣ್ಣನ ಆಫೀಸು. ಎರಡು ಕಂಪ್ಯೂಟರ್, ಒಂದು ಯು.ಪಿ.ಎಸ್., ಕಿರ್ರೋ ಅನ್ನುವ ಒಂದು ಫ್ಯಾನು. ಮೈಸೂರು, ಬೆಂಗಳೂರಿನ ಎಂಜಿನಿಯರುಗಳು ನಕ್ಷೆ ಕಳಿಸುತ್ತಿದ್ದರು. ನಾವು ಅದನ್ನು ಕಂಪ್ಯೂಟರಿನಲ್ಲಿ ಕಟ್ಟಡವಾಗಿ ಎಬ್ಬಿಸುತ್ತಿದ್ದೆವು. ಇನ್ನೂ ಇಟ್ಟಿಗೆ ಇಡದ ಮನೆಯೊಳಗೆ ಮನೆಯವರು ಪರದೆಯ ಮೇಲೆ ಓಡಾಡಿ ಬರಬಹುದಿತ್ತು.

ಆದರೆ ಬರೀ ಕಟ್ಟಡ ತೋರಿಸಿದರೆ ಯಾರಿಗೂ ಹಿಡಿಸುವುದಿಲ್ಲ. ಜನ ಇಲ್ಲದ ಮನೆ ಹಾಳುಮನೆ. ಅದಕ್ಕೇ ಗೊಂಬೆ ಬೇಕು. ನಡೆಮನೆಯಲ್ಲಿ ಒಬ್ಬಳು, ಗೇಟಿನ ಹತ್ತಿರ ಇಬ್ಬರು, ಮಹಡಿಯಲ್ಲಿ ಒಬ್ಬ. ಆ ಗೊಂಬೆ ಮಾಡುವುದು ನನ್ನ ಕೆಲಸ.

ಕಂಪ್ಯೂಟರಿನ ಗೊಂಬೆ ಅಂದರೆ ಚೂರುಬಟ್ಟೆ ಸೇರಿಸಿ ಹೊಲಿದ ಕೌದಿ ಇದ್ದ ಹಾಗೆ. ಮೂರು ಮೂಲೆಯ ಚೂರುಗಳನ್ನು ಒಂದಕ್ಕೊಂದು ಸೇರಿಸಿ ಮೈ ಮಾಡಬೇಕು. ಚೂರು ಹೆಚ್ಚಾದಷ್ಟೂ ಮೈ ನುಣುಪು. ನುಣುಪು ಮಾಡಲು ಹೋದರೆ ನಮ್ಮ ಕಂಪ್ಯೂಟರ್ ಮಲಗಿಬಿಡುತ್ತಿತ್ತು. ಒಂದು ಗೊಂಬೆಗೆ ಮುನ್ನೂರೇ ಚೂರು, ಅದರ ಮೇಲೆ ಒಂದೂ ಕೂಡದು ಅನ್ನುವುದು ನಂಜೇಶಣ್ಣನ ಕಾನೂನು. ಮುನ್ನೂರು ಚೂರಿನಲ್ಲಿ ಬೆರಳು ಬರುವುದಿಲ್ಲ. ಮೂಗು ಅಂದರೆ ಒಂದು ಮಡಿಕೆ. ಕಣ್ಣು, ಬಾಯಿ ಎಲ್ಲ ಮೇಲೆ ಬಳಿಯುವ ಬಣ್ಣ.

ಮೊದಲು ನಮ್ಮ ಹತ್ತಿರ ಇದ್ದದ್ದು ಸಿ.ಡಿ.ಯಲ್ಲಿ ಬಂದ ಫಾರಿನ್ ಗೊಂಬೆಗಳು. ಕಳಲೆಯ ಒಬ್ಬ ಯಜಮಾನರು ತಮ್ಮ ಹೊಸ ಮನೆಯ ಚಿತ್ರ ನೋಡಿ ಕೆಂಡವಾದರು. "ಏನಯ್ಯ ಇದು, ನಮ್ಮ ದೇವರಮನೆ ಮುಂದೆ ಚೆಡ್ಡಿ ಹಾಕ್ಕೊಂಡು ಬಿಳೀ ಹೆಂಗಸು ನಿಂತಿದ್ದಾಳೆ!" ನಂಜೇಶಣ್ಣ ಹಣೆ ಒರೆಸಿಕೊಂಡು, "ನಮ್ಮ ಕಡೆ ಗೊಂಬೆ ಒಂದು ಮಾಡಮ್ಮ ಸುನೀತಾ" ಅಂದ.

ಮಾಡಬೇಕಾದರೆ ಯಾರಾದರೂ ಎರಡೂ ಕೈ ಅಗಲಕ್ಕೆ ಚಾಚಿ ನಿಲ್ಲಬೇಕು. ಮುಂದಿನಿಂದ ಒಂದು ಫೋಟೋ, ಪಕ್ಕದಿಂದ ಒಂದು ಫೋಟೋ. ನಂಜೇಶಣ್ಣ ನಿಲ್ಲಲಿಲ್ಲ, ಹೊಟ್ಟೆ ಕಾಣುತ್ತದೆ ಅಂದ. ಅವನ ಹೆಂಡತಿ ದೃಷ್ಟಿಯಾಗುತ್ತದೆ ಅಂದಳು. ಭಾನುವಾರ ನಾನು ಕ್ಯಾಮೆರಾ ಕೇರಿಗೇ ತಂದೆ. ಅವ್ವನನ್ನು ಸುಣ್ಣದ ಗೋಡೆಗೆ ನಿಲ್ಲಿಸಿದೆ.

"ಕೈ ಚಾಚವ್ವ."

"ಯಾಕಮ್ಮಿ, ನಾನೇನ್ ಬೆದ್ರುಬೊಂಬೆನಾ?"

"ಅಲ್ಲಾಡ್ಬೇಡ ಅಂದ್ನಲ್ಲ!"

"ಮೂಗಿನ್ ಮ್ಯಾಲೆ ನೊಣ ಕುಂತದೆ ಕಣೆ. ಒಡೆಯಕೂ ಕೈ ಇಲ್ದಂಗ್ ಮಾಡ್ಬುಟ್ಟಲ್ಲ."

ಕೇರಿಯ ಹೆಂಗಸರೆಲ್ಲ ಸೇರಿ ಬಿದ್ದು ಬಿದ್ದು ನಕ್ಕರು. ಅವ್ವನಿಗೂ ನಗು. ಹನ್ನೊಂದು ಫೋಟೋ ಅಲ್ಲಾಡಿ ಹೋಗಿ ಹನ್ನೆರಡನೆಯದು ಬಂತು.

ಗೊಂಬೆ ಚೆನ್ನಾಗಿ ಬಂತು. ಅವ್ವನ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿದೆ. ಮೂವತ್ತು ವರ್ಷ ಎಡಕಂಕುಳಲ್ಲಿ ಬಿಂದಿಗೆ, ತಲೆಯ ಮೇಲೆ ಗೊಬ್ಬರದ ಮಂಕರಿ, ಆಮೇಲೆ ಗಾರೆ ಬಾಂಡ್ಲಿ. ಗೊಂಬೆಗೂ ಹಾಗೇ ಇಟ್ಟೆ. ನಂಜೇಶಣ್ಣ, "ಭುಜ ನೆಟ್ಟಗೆ ಮಾಡು" ಅಂದ. ಮಾಡಿ ತೋರಿಸಿದೆ. ಗೊಂಬೆ ಲೈಟುಕಂಬದ ಹಾಗೆ ನಿಂತಿತು. "ಬೇಡ ಬಿಡು, ಮೊದಲಿದ್ದಂಗೇ ಇರಲಿ, ಜೀವ ಇದೆ" ಅಂದ.

ಆಮೇಲೆ ನಮ್ಮ ಆಫೀಸಿಗೆ ಅದೊಂದೇ ಗೊಂಬೆ ಸಾಕಾಯಿತು. ಮುನ್ನೂರು ಚೂರಿನಲ್ಲಿ ಸೀರೆಯೂ ಒಂದೇ, ಪಂಚೆಯೂ ಒಂದೇ. ಸೊಂಟದಿಂದ ಕೆಳಗೆ ಒಂದು ಕಂಬ ಅಷ್ಟೇ. ಉದ್ದಕ್ಕೆ ಎಳೆದರೆ ಗಂಡಸು, ಕುಗ್ಗಿಸಿದರೆ ಮುದುಕಿ. ಮೇಲೆ ಬಣ್ಣ ಬದಲಾಯಿಸಿದರೆ ಬೇರೆ ಮನುಷ್ಯ. ಇನ್ನೂ ಒಂದು ಉಪಾಯವಿತ್ತು. ಮೂಲ ಗೊಂಬೆ ಒಂದೇ ಇಟ್ಟು ಮಿಕ್ಕವರನ್ನೆಲ್ಲ ಅದಕ್ಕೆ ಕಟ್ಟಿಹಾಕಿದರೆ ಕಂಪ್ಯೂಟರಿಗೆ ಭಾರವೇ ಇಲ್ಲ. ಮೂಲ ಗೊಂಬೆಯ ಕತ್ತು ತಿರುಗಿಸಿದರೆ ಎಲ್ಲರ ಕತ್ತೂ ತಿರುಗುತ್ತಿತ್ತು. ಹೀಗೆ ನಮ್ಮವ್ವ ಮೈಸೂರಿನ ಬಡಾವಣೆಯಲ್ಲಿ ವಾಕಿಂಗ್ ಮಾಡಿದಳು, ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರಾದಳು, ಒಂದು ಬ್ಯಾಂಕಿನಲ್ಲಿ ಟೈ ಕಟ್ಟಿಕೊಂಡು ಮ್ಯಾನೇಜರೂ ಆದಳು. ಮನೆಗೆ ಬಂದು ಹೇಳಿದರೆ, "ಅಂಗಾರೆ ನಾಳೆ ಮಣ್ ಹೊರಾಕೆ ಮ್ಯಾನೇಜ್ರುನ್ನೇ ಕಳ್ಸು" ಅನ್ನುತ್ತಿದ್ದಳು.

ಪಾಯದ ಪೂಜೆಯಾಗಿ ತಿಂಗಳಿಗೆ ಗಂಗಾಧರಸ್ವಾಮಿಯ ಮಂಟಪದ ನಕ್ಷೆ ನಮ್ಮ ಆಫೀಸಿಗೇ ಬಂತು. ಗೋಡೆ ಏಳುವ ಮುಂಚೆ ಮದುವೆ ನಡೆಯುತ್ತಿರುವ ಹಾಗೆ ಅವನು ನೋಡಬೇಕಂತೆ. ಮನೆಯವರೆಲ್ಲ ಕಾಣಬೇಕಂತೆ. ಒಂದು ಕವರಿನ ತುಂಬ ಫೋಟೋ ಕಳಿಸಿದ್ದ. ನಾನು ಹತ್ತು ದಿನ ಕುಳಿತು ನೂರ ನಲವತ್ತು ಜನರನ್ನು ನಿಲ್ಲಿಸಿದೆ. ಹಸೆಮಣೆಯ ಹತ್ತಿರ ಗಂಗಾಧರಸ್ವಾಮಿ, ರೇಷ್ಮೆ ಪಂಚೆ. ಪಕ್ಕದಲ್ಲಿ ಅವನ ತಾಯಿ ಮಲ್ಲಾಜಮ್ಮ, ಹಣೆಯಲ್ಲಿ ವಿಭೂತಿ. ನೆಂಟರು, ಇಷ್ಟರು, ವಾಲಗದವರು. ಎಲ್ಲರ ಮೈಯೂ ಅವ್ವನದೇ.

ಊಟದ ಮನೆಗೆ ಬಂದಾಗ ನನ್ನ ಕೈ ನಿಂತಿತು. ಸಾಲು ಸಾಲು ಎಲೆ ಹಾಸಿದ್ದೆ. ಮೊದಲನೇ ಸಾಲಿನ ಮೊದಲನೇ ಎಲೆಯ ಮುಂದೆ ಒಂದು ಗೊಂಬೆ ಇಟ್ಟೆ. ಅದಕ್ಕೆ ಬೇರೆ ಯಾರ ಬಣ್ಣವನ್ನೂ ಬಳಿಯಲಿಲ್ಲ. ಅವ್ವನ ಮುಖ, ಅವ್ವನ ಕಪ್ಪು ಮೈಬಣ್ಣ, ಅವ್ವನ ನೀಲಿ ಸೀರೆ. ಸಿಟ್ಟಿಗೇ ಇಟ್ಟೆ. ಸುಳ್ಳು ಯಾಕೆ ಹೇಳಲಿ?

ನಂಜೇಶಣ್ಣ ನೋಡಿಬಿಟ್ಟ.

"ಇದು ನಿಮ್ಮವ್ವ ಅಲ್ವೇನಮ್ಮ?"

"ಹೂಂ ಕಣಣ್ಣ."

"ತೆಗೆದುಬಿಡು."

"ಯಾಕೆ?"

"ಯಾಕೆ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತಿಲ್ಲ. ನೀವೇ ಹೇಳಿ."

ಕೆಟ್ಟವನಲ್ಲ ನಂಜೇಶಣ್ಣ. ನಾನು ತಂದ ಬುತ್ತಿಯಲ್ಲಿ ಕೈ ಹಾಕಿ ಒಣಮೀನು ಬಿಟ್ಟು ಮಿಕ್ಕಿದ್ದೆಲ್ಲ ತಿನ್ನುತ್ತಿದ್ದ. ಆದರೆ ಗಿರಾಕಿಯ ಮುಂದೆ ಬೆನ್ನುಮೂಳೆ ಇಲ್ಲದವನು. "ಅವರು ಗುರುತು ಹಿಡಿದರೆ ನಿನ್ನ ಕೆಲಸ ನಾನು ಉಳಿಸಕ್ಕಾಗಲ್ಲ, ಈಗಲೇ ಹೇಳಿದೀನಿ" ಅಂದ. ನಾನು ಹೂಂ ಅಂದೆ. ಗೊಂಬೆ ತೆಗೆಯಲಿಲ್ಲ.

ತೋರಿಸುವ ದಿನ ಕಂಪ್ಯೂಟರಿಗೆ ದುಪ್ಪಟಿ ಸುತ್ತಿ ವ್ಯಾನಿನಲ್ಲಿ ಹಾಕಿಕೊಂಡು ಗಂಗಾಧರಸ್ವಾಮಿಯ ಗಿರಣಿಗೆ ಹೋದೆವು. ಗಿರಣಿಯ ಎದುರಿಗೇ ಮಂಟಪದ ಕೆಲಸ. ಬೆಳಿಗ್ಗೆ ಹನ್ನೊಂದು ಗಂಟೆ. ಆಫೀಸು ರೂಮಿನ ಕೆಂಪು ಗಾರೆನೆಲ ಫಳಫಳ ಹೊಳೆಯುತ್ತಿತ್ತು. ನೆಂಟರು ಕುರ್ಚಿಯಲ್ಲಿ, ಮಲ್ಲಾಜಮ್ಮ ಎಲ್ಲರಿಗಿಂತ ಮುಂದೆ. ಎಂಬತ್ತು ದಾಟಿದ ಮುದುಕಿ, ಕಣ್ಣು ಮಾತ್ರ ಗಿಡುಗನ ಕಣ್ಣು. ಟೀ ಹೊತ್ತಾದ್ದರಿಂದ ಕೆಲಸದವರೂ ಬಂದು ಬಾಗಿಲ ಹೊರಗೆ ನಿಂತರು. ಅವರ ನಡುವೆ ಅವ್ವ, ತಲೆಯ ಮೇಲೆ ಸಿಂಬಿ.

ಪರದೆಯ ಮೇಲೆ ಮಂಟಪದ ಬಾಗಿಲು ತೆರೆಯಿತು. ಎಲ್ಲರೂ ಹೋ ಅಂದರು.

"ಅಯ್ಯ, ನಾನು ಕಣ್ರೋ ಅದು!" ಮಲ್ಲಾಜಮ್ಮ ಕೈ ತಟ್ಟಿದಳು. "ನೋಡ್ರೋ, ಎಷ್ಟು ನೆಟ್ಟಗೆ ನಿಂತಿದ್ದೀನಿ! ಕೋಲೇ ಇಲ್ಲ!"

ಗಂಗಾಧರಸ್ವಾಮಿ ತನ್ನನ್ನು ನೋಡಿಕೊಂಡು ಮೀಸೆ ತಿರುವಿದ. "ಪರವಾಗಿಲ್ಲ ಕಣಯ್ಯ ನಂಜೇಶ, ಗತ್ತು ಬಂದಿದೆ" ಅಂದ. ನಂಜೇಶಣ್ಣನ ಮುಖ ಅರಳಿತು. ನಾನು ಊಟದ ಮನೆಗೆ ತಿರುಗಿಸಿದೆ.

ಗಂಗಾಧರಸ್ವಾಮಿ ಮುಂದಕ್ಕೆ ಬಗ್ಗಿದ. "ನಿಲ್ಸು. ಅಲ್ಲಿ ಇರೋಳು ಸಾಕಿ ಅಲ್ವಾ? ನಮ್ಮ ಗಾರೆ ಹೊರೋಳು?"

ಬಾಗಿಲಲ್ಲಿ ಕೆಲಸದವರು ಅವ್ವನ ಕಡೆ ನೋಡಿದರು.

"ಸಾಕಿ ಅಲ್ಲ ಸಾ, ಸಾಕಮ್ಮ" ಅಂದೆ. "ನಮ್ಮವ್ವ."

"ಯಾರಾದ್ರೂ ಆಗ್ಲಿ. ಊಟದ ಮನೆ ಒಳಗೆ ಅವಳಿಗೇನು ಕೆಲಸ? ತೆಗಿ ಅದನ್ನ."

"ಗೊಂಬೆ ಸಾ."

"ಗೊಂಬೆ ಆದ್ರೇನು? ನೋಡಿದೋರು ಏನಂತಾರೆ? ನಾಳೆ ಮಂಟಪಕ್ಕೆ ಯಾರಾದ್ರೂ ಮದುವೆ ಗೊತ್ತು ಮಾಡ್ತಾರಾ? ತೆಗಿ ಅಂದ್ರೆ ತೆಗಿಬೇಕು."

ಮುನ್ನೂರು ಚೂರು. ಬೆರಳಿಲ್ಲ, ಸರಿಯಾದ ಮೂಗಿಲ್ಲ, ಉಸಿರಿಲ್ಲ. ಇನ್ನೂ ಕಟ್ಟದ ಮನೆಯಲ್ಲಿ, ಬೆಳಕಿನಲ್ಲಿ ಮಾಡಿದ ಎಲೆಯ ಮುಂದೆ ನಿಂತರೂ ಇವನಿಗೆ ಮೈಲಿಗೆ. ನನಗೆ ಎಂಥ ಸಿಟ್ಟು ಬಂತೆಂದರೆ ಸಿಟ್ಟು ಹೋಗಿ ನಗುವೇ ಬಂತು.

"ಸಾಕಮ್ಮನ್ನ ಪೂರ್ತಿ ತೆಗಿಬೇಕಾ ಸಾ?"

"ಪೂರ್ತಿ. ಒಂದು ಚೂರೂ ಇರಕೂಡದು."

"ಆಯ್ತು. ನಿಮ್ಮ ಬಾಯಿಂದಲೇ ಬಂತು."

ನಂಜೇಶಣ್ಣನಿಗೆ ತಿಳಿದುಹೋಯಿತು. "ಲೇ ಲೇ ಸುನೀತಾ" ಅಂತ ಎದ್ದ. ಅಷ್ಟರಲ್ಲಿ ನಾನು ಮೂಲ ಗೊಂಬೆ ಹಿಡಿದಾಗಿತ್ತು. ಮುನ್ನೂರು ಚೂರೂ ಕೆಂಪಾದವು. ಡಿಲೀಟ್ ಒತ್ತಿದೆ.

ಮಂಟಪ ಬಿಕೋ ಅಂದಿತು. ವರ ಇಲ್ಲ, ವಧು ಇಲ್ಲ, ಪುರೋಹಿತರಿಲ್ಲ, ವಾಲಗದವರಿಲ್ಲ. ಹಸೆಮಣೆ ಇತ್ತು, ಹೂವಿನ ಹಾರ ಇತ್ತು, ಎಲೆ ಇತ್ತು. ನೂರ ನಲವತ್ತು ಜನರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಅಯ್ಯೋ ಶಿವನೇ!" ಮಲ್ಲಾಜಮ್ಮ ಎದೆ ಬಡಿದುಕೊಂಡಳು. "ನಾನೇ ಇಲ್ವಲ್ಲೋ ಗಂಗಾಧರ! ಬಾಗ್ಲು ತೆರೆಯೋಕೆ ಮುಂಚೆನೇ ನನ್ನ ಸಾಯಿಸ್ಬುಟ್ರಲ್ಲೋ! ಮದುವೆ ಮನೆ ಸ್ಮಶಾನ ಆಯ್ತಲ್ಲೋ!"

ನೆಂಟರು ಅಪಶಕುನ, ಅಪಶಕುನ ಅಂತ ಗುಜುಗುಜು ಶುರುಮಾಡಿದರು. ಗಂಗಾಧರಸ್ವಾಮಿಯ ಮುಖ ಬಿಳಿಚಿಕೊಂಡಿತು. "ಏನು ಮಾಡ್ದೆ ನೀನು?" ಅಂದ. ಅವನ ದನಿ ಅಷ್ಟು ಸಣ್ಣಗೆ ನಾನು ಕೇಳಿದ್ದು ಅದೇ ಮೊದಲು.

"ನೀವು ಹೇಳಿದ್ದೇ ಮಾಡ್ದೆ ಸಾ. ಸಾಕಮ್ಮನ್ನ ತೆಗೆದೆ. ಅಲ್ಲಿದ್ದೋರೆಲ್ಲ ಸಾಕಮ್ಮನೇ."

ನಾನು ಬಿಡಿಸಿ ಹೇಳಿದೆ. ನಿಲ್ಲುವವರು ಯಾರೂ ಸಿಗಲಿಲ್ಲ, ನಮ್ಮವ್ವ ನಿಂತಳು. ನಿಮ್ಮ ರೇಷ್ಮೆ ಪಂಚೆ ಮೇಲಿನ ಬಣ್ಣ, ಒಳಗಿನ ಮೈ ಅವಳದು. ಅವಳು ಹೋದರೆ ನೀವೂ ಹೋದಿರಿ.

ಮಲ್ಲಾಜಮ್ಮ ಕಣ್ಣು ಕಿರಿದು ಮಾಡಿದಳು. "ಅಂದ್ರೆ, ಆ ಹೆಣ್ಣು ಬಂದ್ರೆ ನಾನೂ ಬತ್ತೀನಾ?"

"ಬತ್ತೀರಾ ಅಜ್ಜಿ."

"ಕೋಲಿಲ್ದೆ?"

"ಕೋಲಿಲ್ದೆ."

"ಇನ್ನೇನು ನೋಡ್ತೀಯ, ಕರೀ ಅವಳ್ನ!"

"ಅವ್ವಾ, ನೀನು ಸುಮ್ನಿರು" ಅಂದ ಗಂಗಾಧರಸ್ವಾಮಿ.

"ನೀನ್ ಸುಮ್ಕಿರೋ. ಅಳಿಸಿಹೋಗಿರೋಳು ನಾನು!"

ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಳಿಸಿದ್ದನ್ನು ವಾಪಸ್ಸು ತಂದೆ. ನೂರ ನಲವತ್ತು ಜನರೂ ಇದ್ದಲ್ಲೇ ಬಂದು ನಿಂತರು. ನಾನು ಗಂಗಾಧರಸ್ವಾಮಿಯ ಗೊಂಬೆಯನ್ನು ಪರದೆಯ ತುಂಬ ದೊಡ್ಡದು ಮಾಡಿದೆ.

"ಎಡಭುಜ ನೋಡಿ ಸಾ. ಬಿಂದಿಗೆ, ಬಾಂಡ್ಲಿ ಹೊತ್ತು ಇಳಿದ ಭುಜ."

ಅವನು ನೋಡಿದ. ನೆಂಟರು ಒಬ್ಬರ ಭುಜ ಒಬ್ಬರು ನೋಡಿದರು. ಅವನ ಕೈ ತಾನಾಗಿಯೇ ತನ್ನ ಎಡಭುಜಕ್ಕೆ ಹೋಗಿ ಒರೆಸಿಕೊಂಡಿತು. ಮೈಲಿಗೆ ಮೆತ್ತಿಕೊಂಡಿದೆಯೋ ಅನ್ನುವ ಹಾಗೆ.

"ನಮಗೆ ಬೇರೆ ಮೈ ಮಾಡು" ಅಂದ. "ಎಷ್ಟು ದಿನ ಬೇಕೋ ತಗೋ. ಇದು ಬೇಡ."

"ಮಾಡಲ್ಲ."

"ಏನಂದೆ?"

"ಮಾಡಕ್ಕೆ ಬರುತ್ತೆ ಸಾ. ಎರಡು ದಿನದ ಕೆಲಸ. ಮಾಡಲ್ಲ. ನಿಮ್ಮ ಪಾಯದ ಮಣ್ಣು ಅವಳು ಹೊರಬಹುದು. ನಿಮ್ಮ ಗೋಡೆಯ ಗಾರೆ ಅವಳು ಹೊರಬಹುದು. ಎಲೆಗೆ ಕುಂತರೆ ಎಬ್ಬಿಸ್ತೀರ. ಗೊಂಬೇನೂ ಎಬ್ಬಿಸ್ತೀರ. ನಾನು ಎಬ್ಬಿಸಲ್ಲ. ಅವಳಿದ್ರೆ ಎಲ್ಲಾ ಇರ್ತೀರ, ಅವಳಿಲ್ಲ ಅಂದ್ರೆ ಯಾರೂ ಇಲ್ಲ."

"ನಂಜೇಶ, ಇವಳ್ನ ಇವತ್ತೇ ಕೆಲಸದಿಂದ ತೆಗಿ."

ನಾನು ನಂಜೇಶಣ್ಣನ ಕಡೆ ತಿರುಗಿದೆ. ಅವನು ಬೆವರುತ್ತಿದ್ದ. ನನ್ನ ಕೆಲಸ ಹೋಯಿತು ಅಂದುಕೊಂಡೆ. ಎರಡು ಬಸ್ಸು, ಕಿರ್ರೋ ಅನ್ನುವ ಫ್ಯಾನು, ಎಲ್ಲ ಹೋಯಿತು. ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಆ ಕೆಲಸ ನನಗೆ ಪ್ರಾಣವಾಗಿತ್ತು.

ನಂಜೇಶಣ್ಣ ಕೆಮ್ಮಿದ. "ತೆಗೆದರೆ ಗೊಂಬೆ ಮಾಡೋರು ಬೇರೆ ಯಾರೂ ಇಲ್ಲ ಸ್ವಾಮಿ" ಅಂದ. ಆಮೇಲೆ ನೆಲ ನೋಡುತ್ತಾ ಸೇರಿಸಿದ. "ಸಾಕಮ್ಮನವರು ನಿಂತಿದ್ದಕ್ಕೆ ನಮ್ಮ ಆಫೀಸು ನಡೀತಿರೋದು." ಸಾಕಮ್ಮನವರು! ಆ ಮಾತಿಗೆ ನಾನು ಅವನ ಮೂರು ವರ್ಷದ ತಪ್ಪೆಲ್ಲ ಮನ್ನಾ ಮಾಡಿದೆ.

ಆಗ ಬಾಗಿಲಿನಿಂದ ಅವ್ವನ ದನಿ ಬಂತು. "ಅಮ್ಮಿ, ನಂಗೆ ಇಲ್ಲಿಂದ ಸರ್ಯಾಗಿ ಕಾಣದಿಲ್ಲ."

ಯಾರನ್ನೂ ಕೇಳಲಿಲ್ಲ ಅವಳು. ಹೊಸ್ತಿಲು ದಾಟಿದಳು. ಕಾಲಿಗೆ ಮೆತ್ತಿದ್ದ ಸಿಮೆಂಟು ಕೆಂಪು ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಮೂಡಿತು. ನೆಂಟರ ಕುರ್ಚಿಗಳು ತಾವಾಗಿಯೇ ಎರಡು ಕಡೆಗೆ ಸರಿದವು. ಅವಳು ಬಂದು ಮಲ್ಲಾಜಮ್ಮನ ಪಕ್ಕದಲ್ಲಿ ನಿಂತು ಪರದೆಯನ್ನು ನೋಡಿದಳು. ಚೆನ್ನಾಗಿದೆ ಅನ್ನುತ್ತಾಳೆ ಅಂತ ನಾನು ಕಾದೆ.

"ಎಲೆ ಮುಂದೆ ನನ್ನ ಯಾಕಮ್ಮಿ ನಿಲ್ಸಿದ್ದೀಯ?" ಅಂದಳು. "ಎದ್ದೋಗೋಳ್ ತರ ಕಾಣ್ತೀನಲ್ಲ. ಕೂರ್ಸು."

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಹೌದಲ್ಲ. ಇಷ್ಟೆಲ್ಲ ಕೂಗಾಡಿದವಳು, ನನ್ನ ಕೈಯಾರೆ ನಾನೇ ಅವಳನ್ನು ನಿಲ್ಲಿಸಿಟ್ಟಿದ್ದೆ. ನಮ್ಮದು ನಿಂತ ಗೊಂಬೆ, ಕಟ್ಟಡ ತೋರಿಸಲು ನಿಂತವರು ಸಾಕು ಅಂತ ಯೋಚನೆಯನ್ನೇ ಮಾಡಿರಲಿಲ್ಲ.

ಅವ್ವನೊಬ್ಬಳನ್ನೇ ಕೂರಿಸುವುದು ಆಗುವುದಿಲ್ಲ. ಮೂಲ ಗೊಂಬೆಯನ್ನೇ ಕೂರಿಸಬೇಕು, ಅದಕ್ಕೆ ಕಟ್ಟಿದವರೆಲ್ಲ ಜೊತೆಗೇ ಕೂರುತ್ತಾರೆ. ಗಂಗಾಧರಸ್ವಾಮಿಗೂ ಅದು ಹೊಳೆಯಿತು. "ಏಯ್, ತಡಿ, ತಡಿ" ಅಂತ ಕೈ ಚಾಚಿದ. ಮಲ್ಲಾಜಮ್ಮ ಅವನ ಕೈಯನ್ನು ಪಟ್ಟನೆ ಹೊಡೆದು ಇಳಿಸಿದಳು. "ಮತ್ತೆ ಅಳಿಸಿಹೋಯ್ತೀನಿ, ಮುಟ್ಬೇಡ!"

ಸೊಂಟದ ಮೇಲಿನದನ್ನೆಲ್ಲ ಹಿಡಿದು ಕೆಳಗಿಳಿಸಿದೆ. ಸೀರೆಯ ಕಂಬ ಕುಗ್ಗಿ ಅಗಲವಾಯಿತು. ಮಂಡಿ ಇರಬೇಕಾದ ಜಾಗವನ್ನು ಎರಡು ಕಡೆಗೆ ಎಳೆದೆ. ಚಕ್ಕಳಮಕ್ಕಳ ಬಂತು. ಒಂದೇ ಒಂದು ಚೂರೂ ಹೆಚ್ಚಾಗಲಿಲ್ಲ.

ಅವ್ವ ಎಲೆಯ ಮುಂದೆ ಕುಳಿತಳು. ಅವಳ ಜೊತೆಗೇ ಇಡೀ ಮಂಟಪ ಕುಳಿತಿತು. ವಧು ಕುಳಿತಳು, ವರ ಕುಳಿತ. ಬಾಗಿಲಲ್ಲಿ ಪನ್ನೀರು ಚಿಮುಕಿಸುವವಳು ಕುಳಿತಳು, ಮೆಟ್ಟಿಲ ಮೇಲಿದ್ದವನು ಮೆಟ್ಟಿಲ ಮೇಲೇ ಕುಳಿತ. ಮಲ್ಲಾಜಮ್ಮ ಕುಳಿತಳು. ರೇಷ್ಮೆ ಪಂಚೆಯ ಗಂಗಾಧರಸ್ವಾಮಿ ಎಡಭುಜ ಇಳಿಬಿಟ್ಟುಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಹೊರಗಿನಿಂದ ಕೆಲಸದವರೆಲ್ಲ ಹೋ ಅಂದರು. ಮಲ್ಲಾಜಮ್ಮ ನಕ್ಕು ನಕ್ಕು ಕೆಮ್ಮಿದಳು. ನಂಜೇಶಣ್ಣ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಿದ್ದನೋ ನಗುತ್ತಿದ್ದನೋ ನನಗೆ ಕಾಣಲಿಲ್ಲ.

ಅವ್ವ ಗಂಗಾಧರಸ್ವಾಮಿಯ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಅವನ ಮನೆಯವರನ್ನು ಕೈಮುಗಿದು ಬುದ್ಧಿ, ಬುದ್ಧಿ ಅಂತ ಕೂಗಿದವಳು. ಅವತ್ತು ಅದನ್ನು ಅನ್ನಲಿಲ್ಲ. ಸೊಂಟದ ಮೇಲೆ ಕೈ ಇಟ್ಟು ಅವನ ಮುಖವನ್ನೇ ನೋಡಿದಳು.

"ಎಲ್ಲಾರೂ ಕುಂತಾಯ್ತಲ್ಲ" ಅಂದಳು. "ಇನ್ನು ಬಡ್ಸಿ."